ಜಡೆಯ ಟೇಪಿಗೂ ಹಣೆಯ ಕುಂಕುಮಕ್ಕೂ ಬಣ್ಣದ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಬಣ್ಣ ಹಾಕಿದ ಬಾಂಬೆ ಮಿಠಾಯಿಯನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ ಬಣ್ಣ ಪತ್ತೆಯಾದದ್ದು ಈ ಕ್ರಮಕ್ಕೆ ಮುಖ್ಯ ಕಾರಣವಾಗಿತ್ತು. ಆ ಬಣ್ಣ ತಿನಿಸಿಗಾಗಿ ಹುಟ್ಟಿದ್ದಲ್ಲ. ಬಟ್ಟೆ, ಕಾಗದ, ತೊಗಲುಗಳಿಗೆ ಹೊಳೆಯುವ ಗುಲಾಬಿ ರಂಗು ಕೊಡುವುದಕ್ಕಾಗಿ ಹುಟ್ಟಿದ್ದು. ಸರ್ಕಾರದ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಾಗಲಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ಹೆಣ್ಣುಮಕ್ಕಳ ಅಲಂಕಾರದ ಸಾಮಾನು ಮಾರುವ ಅಂಗಡಿಯ ಮುಂದೆ ನಿಂತು ನೋಡಿದರೆ, ಮಿಠಾಯಿಗಿಂತಲೂ ಕಣ್ಣು ಕುಕ್ಕುವ ಗುಲಾಬಿ, ಹಸಿರು, ಕಿತ್ತಳೆ ಬಣ್ಣಗಳು ಅಲ್ಲಿ ತೂಗಾಡುತ್ತಿರುತ್ತವೆ. ಜಡೆಗೆ ಕಟ್ಟುವ ಟೇಪು, ಹೇರ್‌ಬ್ಯಾಂಡು, ವೇಲು, ದಾರ ಸುತ್ತಿದ ಬಳೆ, ಮಣಿಸರ, ಬಟ್ಟೆಯ ಪರ್ಸು, ಪೊಟ್ಟಣದ ಕುಂಕುಮ, ಹಾಳೆಗಟ್ಟಲೆ ಬಿಂದಿ ಇವೆಲ್ಲ ನಮ್ಮ ಮಕ್ಕಳ ಮೈಗೆ ದಿನವಿಡೀ ತಾಗಿಕೊಂಡಿರುವ ವಸ್ತುಗಳು. ಇವುಗಳಿಗೆ ಯಾವ ಬಣ್ಣ ಹಾಕಲಾಗಿದೆ, ಯಾರು ಹಾಕಿದರು ಎಂದು ಕೇಳಿದರೆ ಅಂಗಡಿಯವರಿಗೂ ಗೊತ್ತಿಲ್ಲ, ಅವರಿಗೆ ಮಾಲು ಕೊಟ್ಟ ಸಗಟು ವ್ಯಾಪಾರಿಗೂ ಗೊತ್ತಿಲ್ಲ. ಬಹುಪಾಲು ಸಾಮಾನುಗಳ ಮೇಲೆ ಬೆಲೆಯ ಚೀಟಿಯೊಂದನ್ನು ಬಿಟ್ಟರೆ ಒಂದಕ್ಷರವೂ ಇರುವುದಿಲ್ಲ. ಈ ಬಗ್ಗೆ ಜಿಲ್ಲೆಯ ಓದುಗರ ಹಾಗೂ ಅಧಿಕಾರಿಗಳ ಗಮನ ಸೆಳೆಯುವುದು ಈ ಪತ್ರದ ಉದ್ದೇಶ.

ಕೃತಕ ಬಣ್ಣವೆಂದರೆ ವಿಷ, ಗಿಡಮೂಲದ ಬಣ್ಣವೆಂದರೆ ಅಮೃತ ಎಂಬ ವಾದ ನನ್ನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಒಂದು ಕಾಲದಲ್ಲಿ ಗಾಢ ಬಣ್ಣದ ಬಟ್ಟೆ ಉಳ್ಳವರ ಸೊತ್ತಾಗಿತ್ತು. ಕೂಲಿ ಮಾಡುವ ತಾಯಿಯೂ ತನ್ನ ಮಗಳ ಜಡೆಗೆ ಕೆಂಪು ಟೇಪು ಕಟ್ಟಲು ಸಾಧ್ಯವಾದದ್ದು ಕೃತಕ ಬಣ್ಣಗಳು ಬಂದ ಮೇಲೆಯೇ ಎಂಬುದನ್ನು ಮರೆಯಬಾರದು. ಇಂದು ಬಳಕೆಯಲ್ಲಿರುವ ಸಾವಿರಾರು ಕೃತಕ ಬಣ್ಣಗಳಲ್ಲಿ ಹೆಚ್ಚಿನವು ಸರಿಯಾಗಿ ಹಾಕಿ, ಸರಿಯಾಗಿ ತೊಳೆದರೆ ತೊಡುವವರಿಗೆ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಹೆಸರಿಲ್ಲದೆ, ಹೊಣೆ ಹೊರುವವರಿಲ್ಲದೆ ಬರುವ ಬಣ್ಣದಲ್ಲಿ.

ಈ ಬಣ್ಣಗಳ ಚರಿತ್ರೆ ಶುರುವಾದದ್ದೇ ಹೆಂಗಸರ ಅಲಂಕಾರದ ವಸ್ತುಗಳಿಂದ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ವಿದ್ಯಾರ್ಥಿ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟಾಗ, ಕಲ್ಲಿದ್ದಲಿನ ಡಾಂಬರಿನಿಂದ ಸಿಗುವ ಅನಿಲಿನ್‌ನಿಂದ ನೇರಳೆ ಬಣ್ಣವೊಂದು ಹುಟ್ಟಿತು. ಅದಕ್ಕೆ ಮಾವ್ ಎಂಬ ಹೆಸರು ಬಂತು. 1858ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮಗಳ ಮದುವೆಗೆ ಮಾವ್ ಬಣ್ಣದ ಉಡುಪು ತೊಟ್ಟ ಮೇಲಂತೂ ರಿಬ್ಬನ್ನು, ಕೈಗವಸು, ಟೋಪಿಯ ಕುಚ್ಚು ಎಲ್ಲವೂ ನೇರಳೆಯಾದವು. ರೇಷ್ಮೆಗೆ ಈ ಬಣ್ಣ ಸುಲಭವಾಗಿ ಹಿಡಿಯುತ್ತಿತ್ತು, ರಿಬ್ಬನ್ನುಗಳೋ ಆಗ ರೇಷ್ಮೆಯವೇ ಆಗಿದ್ದವು. 1859ರಲ್ಲಿ ಫ್ರಾನ್ಸಿನ ವೆರ್ಗಾಂ ಎಂಬಾತ ಮಜೆಂಟಾ ಎಂದು ಹೆಸರಾದ ಕಡುಗುಲಾಬಿ ಬಣ್ಣವನ್ನು ಕಂಡುಹಿಡಿದ. ಮುಂದೆ 1868-69ರಲ್ಲಿ ಮಂಜಿಷ್ಠದ ಜಾತಿಯ ಬೇರುಗಳಲ್ಲಿರುವ ಕೆಂಪು ದ್ರವ್ಯವನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಾಗ ಬಂಗಾಳ, ಬಿಹಾರಗಳ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಂಡಿತು. ಅರವತ್ತು ವರ್ಷವೂ ತುಂಬದ ಅವಧಿಯಲ್ಲಿ ಲೋಕದ ಬಣ್ಣದ ವ್ಯಾಪಾರ ಹೊಲದಿಂದ ಕಾರ್ಖಾನೆಗೆ ಹೊರಟುಹೋಯಿತು.

ಆ ಅಂದಕ್ಕೆ ಬೆಲೆ ತೆತ್ತವರೂ ಇದ್ದರು. ಅನಿಲಿನ್ ಬಣ್ಣಗಳಿಗಿಂತ ಹಿಂದಿನದಾದ ಒಂದು ಹೊಳಪಿನ ಹಸಿರು ಬಣ್ಣ ತಾಮ್ರ ಮತ್ತು ಆರ್ಸೆನಿಕ್ ಸೇರಿದ ಪುಡಿಯಾಗಿತ್ತು. ಹೆಂಗಸರ ಮುಡಿಗೂ ಟೋಪಿಗೂ ಸಿಕ್ಕಿಸುವ ಕೃತಕ ಹೂವಿನ ಎಲೆಗಳಿಗೆ ಅದನ್ನು ಉದುರಿಸುತ್ತಿದ್ದರು. 1861ರಲ್ಲಿ ಲಂಡನ್ನಿನಲ್ಲಿ ಈ ಕೆಲಸ ಮಾಡುತ್ತಿದ್ದ ಮಟಿಲ್ಡಾ ಶೂರರ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಆ ವಿಷದಿಂದಲೇ ಸತ್ತಳು. ಮಜೆಂಟಾ ತಯಾರಿಕೆಗೂ ಆರ್ಸೆನಿಕ್ ಆಮ್ಲ ಬಳಸುತ್ತಿದ್ದರು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಣ್ಣದ ಕಾರ್ಖಾನೆಯೊಂದರಿಂದ ಸುತ್ತಲಿನ ಬಾವಿಗಳ ನೀರು ಕೆಟ್ಟು ಜನ ಹಾಸಿಗೆ ಹಿಡಿದರು. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವುದನ್ನು ವರದಿ ಮಾಡಿದರು. ಬಣ್ಣವೊಂದು ಫ್ಯಾಷನ್ ಆಗಲು ಒಂದೆರಡು ವರ್ಷ ಸಾಕಾಯಿತು, ಅದರ ಕೆಡುಕು ಕಾನೂನಿನ ಕಣ್ಣಿಗೆ ಬೀಳಲು ನೂರು ವರ್ಷವೇ ಬೇಕಾಯಿತು.

ಈಗಿನ ಮಾತಿಗೆ ಬರೋಣ. ಬಟ್ಟೆಗೆ ಹಾಕುವ ಕೃತಕ ಬಣ್ಣಗಳಲ್ಲಿ ಅತಿ ದೊಡ್ಡ ಗುಂಪು ಆಜೋ ಬಣ್ಣಗಳದು. ಇವುಗಳಲ್ಲಿ ಎರಡು ಸಾರಜನಕ ಪರಮಾಣುಗಳ ಕೊಂಡಿಯಿಂದ ಅಣುವಿನ ಎರಡು ಭಾಗಗಳು ಸೇರಿರುತ್ತವೆ. ಚರ್ಮದ ಮೇಲಿನ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು, ಯಕೃತ್ತಿನ ಕಿಣ್ವಗಳು ಈ ಕೊಂಡಿಯನ್ನು ಕಡಿಯಬಲ್ಲವು. ಹಾಗೆ ಕಡಿದಾಗ ಕೆಲವು ಆಜೋ ಬಣ್ಣಗಳಿಂದ, ಎಲ್ಲದರಿಂದ ಅಲ್ಲ, ಬೆಂಜಿಡೀನ್‌ನಂತಹ, ಅಮೈನುಗಳೆಂಬ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಹೊರಬರುತ್ತವೆ. ಈ ಕಾರಣಕ್ಕಾಗಿ ಜರ್ಮನಿ 1994ರಲ್ಲಿ ಇಂತಹ ಬಣ್ಣಗಳನ್ನು ನಿಷೇಧಿಸಿತು. ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. 1990ರ ದಶಕದಲ್ಲಿಯೇ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬೆಂಜಿಡೀನ್ ಮೂಲದ ಮತ್ತು ಇತರ ಆಜೋ ಬಣ್ಣಗಳು ಸೇರಿ ಒಟ್ಟು 112 ಬಣ್ಣಗಳ ಬಳಕೆಯನ್ನು ನಿಷೇಧಿಸಲಾಯಿತು. ಐರೋಪ್ಯ ಒಕ್ಕೂಟ 2002ರಲ್ಲಿ ಇನ್ನೂ ಮುಂದೆ ಹೋಗಿ, ಚರ್ಮಕ್ಕೆ ತಾಗುವ ಬಟ್ಟೆ ಮತ್ತು ತೊಗಲಿನ ಸಾಮಾನುಗಳಲ್ಲಿ ಇಂತಹ ಅಮೈನುಗಳು ಕಿಲೋಗ್ರಾಂಗೆ 30 ಮಿಲಿಗ್ರಾಂ ಮೀರಬಾರದೆಂದು ಗೊತ್ತುಮಾಡಿತು. ಆದ್ದರಿಂದಲೇ ಯುರೋಪಿಗೆ ರಫ್ತಾಗುವ ನಮ್ಮ ಬಟ್ಟೆಗಳು ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಿಯೇ ಹಡಗು ಹತ್ತುತ್ತವೆ. ನಮ್ಮದೇ ಪ್ರಯೋಗಾಲಯಗಳಲ್ಲಿ, ನಮ್ಮದೇ ತಂತ್ರಜ್ಞರು ಪ್ಯಾರಿಸ್ಸಿನ ಮಗುವಿನ ವೇಲನ್ನು ಪರೀಕ್ಷಿಸುತ್ತಾರೆ, ತೀರ್ಥಹಳ್ಳಿಯ ಮಗುವಿನ ಟೇಪನ್ನು ಪರೀಕ್ಷಿಸುವುದಿಲ್ಲ. ಇದನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದಾಗದು.

ಹಿಂದೆ ಹತ್ತಿಯದೋ ರೇಷ್ಮೆಯದೋ ಆಗಿದ್ದ ಟೇಪು ಈಗ ನೈಲಾನಿನದು ಇಲ್ಲವೇ ಪಾಲಿಯೆಸ್ಟರಿನದು. ಸ್ಯಾಟಿನ್ ರಿಬ್ಬನ್ ಎಂದು ನಾವು ಕೊಳ್ಳುವುದು ಬಹುಮಟ್ಟಿಗೆ ಪಾಲಿಯೆಸ್ಟರೇ. ಈ ಎಳೆಗೆ ಗಿಡಮೂಲದ ಬಣ್ಣಗಳು ಸರಿಯಾಗಿ ಹಿಡಿಯುವುದಿಲ್ಲ. ನೀರಿನಲ್ಲಿ ಕರಗದೆ ನುಣ್ಣನೆಯ ಪುಡಿಯಾಗಿ ಹರಡುವ ಡಿಸ್ಪರ್ಸ್ ಬಣ್ಣಗಳನ್ನೇ ಹೆಚ್ಚಿನ ಶಾಖದಲ್ಲಿ ಎಳೆಯೊಳಕ್ಕೆ ಇಳಿಸಬೇಕು. ಈ ಬಣ್ಣದ ಅಣುಗಳು ಎಳೆಯೊಂದಿಗೆ ಗಟ್ಟಿಯಾದ ರಾಸಾಯನಿಕ ಬಂಧ ಬೆಳೆಸುವುದಿಲ್ಲ, ಒಳಗೆ ಹೊಕ್ಕು ಕುಳಿತಿರುತ್ತವೆ ಅಷ್ಟೆ. ಬಣ್ಣ ಹೆಚ್ಚಾಗಿ, ಕೊನೆಯ ತೊಳೆತ ಕಡಿಮೆಯಾದರೆ ಮೇಲೆ ಉಳಿದ ಬಣ್ಣ ಬೆವರಿಗೂ ಉಜ್ಜಾಟಕ್ಕೂ ಬಿಟ್ಟುಕೊಂಡು ಚರ್ಮಕ್ಕೆ ಬರುತ್ತದೆ. ಡಿಸ್ಪರ್ಸ್ ಬ್ಲೂ 106 ಮತ್ತು 124 ಎಂಬ ಎರಡು ನೀಲಿ ಬಣ್ಣಗಳು ಚರ್ಮದ ಅಲರ್ಜಿ ತರುವವುಗಳೆಂದು ವೈದ್ಯಲೋಕದಲ್ಲಿ ಹೆಸರಾಗಿವೆ. ಕುತ್ತಿಗೆಯ ಹಿಂದೆ, ಕಿವಿಯ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ತುರಿಕೆ ಎದ್ದಾಗ ನಾವು ಸೆಕೆ, ಬೆವರುಸಾಲೆ ಎಂದು ಪೌಡರು ಹಚ್ಚಿ ಸುಮ್ಮನಾಗುತ್ತೇವೆ. ಜಡೆಯ ಟೇಪಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮಲೆನಾಡಿನಲ್ಲಿ ಈ ಪ್ರಶ್ನೆ ಬಯಲುಸೀಮೆಗಿಂತ ಹೆಚ್ಚು ಗಂಭೀರವಾದದ್ದು ಎಂದು ನನಗೆ ಅನ್ನಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಜಡೆಯಲ್ಲಿಯೇ ತರಗತಿಯಲ್ಲಿ ಕುಳಿತಿರುತ್ತಾರೆ. ಒಣಗಿದ ಬಟ್ಟೆಯಲ್ಲಿ ತೆಪ್ಪಗಿರುವ ಬಣ್ಣ ಒದ್ದೆಯಾದಾಗ ಹರಿಯಲು ತೊಡಗುತ್ತದೆ. ಎರಡು ಜಡೆ ಹಾಕಿ ಕೆಂಪು ಟೇಪನ್ನು ಮೇಲಕ್ಕೆ ಮಡಚಿ ಕಟ್ಟಿದ ಹುಡುಗಿಯರ ಬಿಳಿ ಅಂಗಿಯ ಹೆಗಲಿನ ಮೇಲೆ, ಜಡೆಯ ಮಡಿಕೆ ತಾಗುವ ಜಾಗದಲ್ಲಿಯೇ, ಗುಲಾಬಿ ಬಣ್ಣದ ಎರಡು ಮಚ್ಚೆಗಳನ್ನು ಪ್ರತಿ ಮಳೆಗಾಲದಲ್ಲಿಯೂ ನೋಡಿದ್ದೇನೆ. ತಾಯಂದಿರು ಅಂಗಿಯ ಕಲೆಗೆ ಬೇಸರಪಟ್ಟು ಬ್ಲೀಚಿಂಗ್ ಪುಡಿ ಹಾಕುತ್ತಿದ್ದರು. ಅಂಗಿಗೆ ಇಳಿದ ಬಣ್ಣವೇ ಕುತ್ತಿಗೆಗೂ ಇಳಿದಿತ್ತು. ಬೇಸರ ಬಂದಾಗ ಟೇಪಿನ ತುದಿಯನ್ನು ಬಾಯಿಗಿಟ್ಟು ಜಗಿಯುವ ಪುಟ್ಟ ಮಕ್ಕಳ ಹೊಟ್ಟೆಗೂ ಇಳಿದಿರುತ್ತದೆ. ಬಟ್ಟೆಯ ಬಣ್ಣ ಬೆವರಿಗೆ ಬಿಡುತ್ತದೆಯೇ ಎಂದು ಅಳೆಯುವ ವಿಧಾನವೇನೂ ನಿಗೂಢವಲ್ಲ. ಕೃತಕ ಬೆವರಿನ ದ್ರಾವಣದಲ್ಲಿ ನೆನೆಸಿದ ತುಂಡನ್ನು ಬಿಳಿ ಬಟ್ಟೆಯೊಂದಿಗೆ ಒತ್ತಿ, 37 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟು, ಬಿಳಿ ಬಟ್ಟೆಗೆ ಹತ್ತಿದ ಕಲೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇಷ್ಟು ಸರಳವಾದ ಪರೀಕ್ಷೆಯೂ ಜಾತ್ರೆಯ ಸಾಮಾನಿಗೆ ನಡೆಯುವುದಿಲ್ಲ. ಬಣ್ಣ ಬಿಟ್ಟದ್ದೆಲ್ಲ ವಿಷವಲ್ಲ, ಬಿಡದಿದ್ದುದೆಲ್ಲ ನಿರಪಾಯಕಾರಿಯೂ ಅಲ್ಲ ಎಂಬುದು ನಿಜ; ಆದರೂ ಬಣ್ಣ ಬಿಡುವ ವಸ್ತುವನ್ನು ಮಕ್ಕಳ ಮೈಯಿಂದ ದೂರವಿಡಲು ಬೇರೆ ಕಾರಣ ಬೇಕಿಲ್ಲ.

ಕುಂಕುಮದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ, ಪಟಿಕ ಸೇರಿಸಿ, ನೆರಳಿನಲ್ಲಿ ಒಣಗಿಸಿ, ಕುಟ್ಟಿ ಕುಂಕುಮ ಮಾಡುವ ಮನೆಗಳು ನಮ್ಮ ಕಡೆ ಇನ್ನೂ ಅಲ್ಲೊಂದು ಇಲ್ಲೊಂದು ಇವೆ. ಆ ಕೆಂಪು ಸ್ವಲ್ಪ ಮಂಕಾದದ್ದು, ಕಂದಿನ ಕಡೆಗೆ ವಾಲಿದ್ದು. ಅಂಗಡಿಯ ಕುಂಕುಮದ ಉರಿಯುವ ಕೆಂಪು ಅರಿಶಿನದಿಂದ ಬರುವುದಿಲ್ಲ. ಹಣೆಯಲ್ಲಿ ಕುಂಕುಮವಿಡುವ ಜಾಗದ ಚರ್ಮ ಕಪ್ಪಾಗಿ, ತುರಿಸುತ್ತಾ ಬಂದವರನ್ನು ಚರ್ಮವೈದ್ಯರು ಪರೀಕ್ಷಿಸಿದಾಗ ಬ್ರಿಲಿಯಂಟ್ ಲೇಕ್ ರೆಡ್, ಸುಡಾನ್-1 ಮೊದಲಾದ ಕೃತಕ ಬಣ್ಣಗಳು ಕಾರಣವೆಂದು ಕಂಡುಬಂದಿದೆ. ಕೆಲವೆಡೆ ಸೀಸದ ಕೆಂಪು ಸಂಯುಕ್ತ ಬೆರೆತ ಸಿಂಧೂರವೂ ಸಿಕ್ಕಿದೆ. ಅಂಟಿಸುವ ಬಿಂದಿಯಿಂದ ಹಣೆಯಲ್ಲಿ ಬಿಳಿ ಮಚ್ಚೆ ಬೀಳುವುದಂತೂ ಎಲ್ಲರೂ ಬಲ್ಲ ಸಂಗತಿ. ಅದಕ್ಕೆ ಬಣ್ಣಕ್ಕಿಂತ ಅಂಟಿನಲ್ಲಿರುವ ಒಂದು ಬಗೆಯ ಫಿನಾಲ್ ಕಾರಣ ಎಂಬುದನ್ನೂ ಹೇಳಬೇಕು. ತೊನ್ನು ಎಂಬ ಮಾತಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಆ ಮಚ್ಚೆಯನ್ನು ಇನ್ನೂ ದೊಡ್ಡ ಬಿಂದಿಯಿಂದ ಮುಚ್ಚಿಕೊಳ್ಳುತ್ತಾರೆ, ವೈದ್ಯರ ಬಳಿ ಹೋಗುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಆಹಾರಕ್ಕೆ ಹಾಕಬಹುದಾದ ಕೃತಕ ಬಣ್ಣಗಳು ನಮ್ಮ ದೇಶದಲ್ಲಿ ಎಂಟೇ ಎಂಟು, ಅವುಗಳ ಪ್ರಮಾಣಕ್ಕೂ ಮಿತಿಯಿದೆ. ಕುಂಕುಮ, ಕಾಡಿಗೆ ಮುಂತಾದವು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತವೆ. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ, ಏನೇನು ಸೇರಿಸಲಾಗಿದೆಯೆಂದು ಪೊಟ್ಟಣದ ಮೇಲೆ ಬರೆಯಬೇಕು. ಆದರೆ ಸೇರಿನಲ್ಲಿ ಅಳೆದು ಕಾಗದದಲ್ಲಿ ಕಟ್ಟಿಕೊಡುವ ಜಾತ್ರೆಯ ಕುಂಕುಮದ ಮೇಲೆ ಬರೆಯುವುದಾದರೂ ಎಲ್ಲಿ? ಇನ್ನು ಟೇಪು, ದಾರದ ಬಳೆ, ಬಟ್ಟೆಯ ಕಿವಿಯೋಲೆಗಳು ಆಹಾರವೂ ಅಲ್ಲ, ಸೌಂದರ್ಯವರ್ಧಕವೂ ಅಲ್ಲ. 112 ಬಣ್ಣಗಳ ನಿಷೇಧ ಅವುಗಳಿಗೂ ಅನ್ವಯಿಸುತ್ತದೆ. ಆದರೆ ಅಂಗಡಿಗೆ ಬಂದು ಮಾದರಿ ತೆಗೆದುಕೊಂಡು ಹೋಗುವ ಅಧಿಕಾರಿ ಯಾವ ಇಲಾಖೆಯವರೆಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಗಾಜಿನ ಬಳೆಯ ವಿಷಯವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಬಳೆಗಾರರು ಮಲಾರ ಹೊತ್ತು ಮನೆಮನೆಗೆ ಬಂದು ತೊಡಿಸುತ್ತಿದ್ದ ಗಾಜಿನ ಬಳೆಯ ಬಣ್ಣ ಮೇಲೆ ಬಳಿದದ್ದಲ್ಲ. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರ ಅಥವಾ ಕ್ರೋಮಿಯಂ ಸೇರಿಸಿದರೆ ಹಸಿರು. ಬಣ್ಣ ಗಾಜಿನೊಳಗೇ ಬೆರೆತು ಹೋಗಿರುತ್ತದೆ, ಬೆವರಿಗೆ ಬರುವುದಿಲ್ಲ. ಅದರ ಜಾಗಕ್ಕೆ ಬಂದ ಬಣ್ಣ ಬಳಿದ ಲೋಹದ ಬಳೆ, ದಾರ ಸುತ್ತಿದ ಪ್ಲಾಸ್ಟಿಕ್ ಬಳೆಗಳಿಗೆ ಆ ಗುಣವಿಲ್ಲ. ಒಡೆಯುವುದಿಲ್ಲವೆಂಬ ಒಂದೇ ಕಾರಣಕ್ಕೆ ನಾವು ಅವನ್ನು ಮಕ್ಕಳಿಗೆ ತೊಡಿಸುತ್ತಿದ್ದೇವೆ.

ಹಾಗಾದರೆ ದಾರಿ ಏನು? ನನ್ನ ಮಟ್ಟಿಗೆ ಒಂದು ದಾರಿ ನಮ್ಮ ಅಡಿಕೆ ತೋಟದ ಹಂಡೆಯಲ್ಲಿಯೇ ಇದೆ. ದಸರಾ ಕಳೆದು ಕೊಯ್ಲು ಶುರುವಾದರೆ ಮಲೆನಾಡಿನ ಹೆಂಗಸರ ಕೈಬೆರಳುಗಳು ತಿಂಗಳುಗಟ್ಟಲೆ ಕಪ್ಪುಗೆಂಪಾಗಿರುತ್ತವೆ. ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿದವರ ಉಗುರಿನ ಸಂದಿಗೆ ಸೇರಿದ ಚೊಗರು, ಅಂದರೆ ಅಡಿಕೆಯ ಒಗರು ರಸ, ಸಾಬೂನಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಪೂರ್ತಿ ಹೋಗುವುದಿಲ್ಲ. ಸೀರೆಯ ಮೇಲೆ ಬಿದ್ದರಂತೂ ಆ ಸೀರೆ ಅಲ್ಲಿಗೆ ಕೆಲಸದ ಸೀರೆಯಾಯಿತು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ನೀರನ್ನು ಮತ್ತೆ ಮತ್ತೆ ಬಳಸುತ್ತಾ ಹೋದಂತೆ ಅದು ಗಟ್ಟಿಯಾದ, ಕಡುಗೆಂಪು ಚೊಗರಾಗುತ್ತದೆ. ಒಂದಿಷ್ಟು ಅಡಿಕೆಗೇ ಬಣ್ಣ ಬರಿಸಲು ಹೋಗುತ್ತದೆ, ಮಿಕ್ಕದ್ದನ್ನು ಎಷ್ಟೋ ಮನೆಗಳಲ್ಲಿ ತೋಟದ ಬದಿಗೆ ಚೆಲ್ಲುತ್ತಾರೆ. ಇದರಲ್ಲಿರುವುದು ಟ್ಯಾನಿನ್ ಎಂಬ ಒಗರು ದ್ರವ್ಯ. ಪರ್ಕಿನ್ನನ ಮಾವ್ ಬಣ್ಣ ರೇಷ್ಮೆಗೆ ಹಿಡಿದರೂ ಹತ್ತಿಗೆ ಹಿಡಿಯದಿದ್ದಾಗ ಆತ ಮೊರೆಹೋದದ್ದೂ ಟ್ಯಾನಿನ್ನಿಗೇ, ಏಕೆಂದರೆ ಹತ್ತಿಯ ಎಳೆಗೆ ಬಣ್ಣ ಕಚ್ಚಿಸುವ ಗುಣ ಅದಕ್ಕಿದೆ. ಚೊಗರಿನಲ್ಲಿ ಅದ್ದಿದ ಹತ್ತಿಗೆ ಪಟಿಕ ಸೇರಿದರೆ ಕೆಂಗಂದು, ಕಬ್ಬಿಣದ ಅಂಶ ಸೇರಿದರೆ ಕಪ್ಪಿಗೆ ಹತ್ತಿರವಾದ ಬೂದು, ಸುಣ್ಣದ ತಿಳಿ ಸೇರಿದರೆ ಕೆಂಪು. ಕವಳ ಹಾಕಿದವರ ಬಾಯಿ ಕೆಂಪಾಗುವುದೂ ಅಡಿಕೆ ಮತ್ತು ಸುಣ್ಣದ ಇದೇ ಕ್ರಿಯೆಯಿಂದ.

ಇದು ಬರೀ ಊಹೆಯ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘವು ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ 1990ರ ದಶಕದಿಂದಲೂ ಕೈಮಗ್ಗದ ಬಟ್ಟೆಗೆ ಚೊಗರು, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ನೀಲಿ ಮುಂತಾದವುಗಳ ಬಣ್ಣ ಹಾಕುತ್ತಾ ಬಂದಿದೆ. ಕೆಲಸ ಮಾಡುವವರು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. 2020ರಲ್ಲಿ ಆ ಸಂಸ್ಥೆ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿದಾಗ ಕೈಉತ್ಪನ್ನಗಳ ಕಷ್ಟವೇನೆಂದು ನಾಡಿಗೆ ತಿಳಿಯಿತು. ಸಹಜ ಬಣ್ಣದ ಸೀರೆ, ಜುಬ್ಬಾಗಳ ಬೆಲೆ ಎಲ್ಲರಿಗೂ ನಿಲುಕುವುದಿಲ್ಲ ಎಂಬ ದೂರು ಸುಳ್ಳಲ್ಲ. ಆದರೆ ಒಂದು ಟೇಪಿಗೆ, ಒಂದು ಹೇರ್‌ಬ್ಯಾಂಡಿಗೆ, ಒಂದು ಚಿಕ್ಕ ಪರ್ಸಿಗೆ ಬೇಕಾಗುವ ಬಟ್ಟೆ ಎಷ್ಟು? ಜುಬ್ಬಾ ಕತ್ತರಿಸಿ ಉಳಿದ ತುಂಡುಗಳೇ ಸಾಕು. ಬಣ್ಣ ದುಬಾರಿಯಾದರೂ ವಸ್ತು ಚಿಕ್ಕದಾದ್ದರಿಂದ ಬೆಲೆ ಕೈಗೆಟುಕುವಂತೆ ಉಳಿಯುತ್ತದೆ. ಸೀರೆಯಲ್ಲಿ ಸೋಲುವ ಲೆಕ್ಕ ಟೇಪಿನಲ್ಲಿ ಗೆಲ್ಲಬಹುದು ಎಂಬುದು ನನ್ನ ದೃಢವಾದ ನಂಬಿಕೆ. ಸ್ತ್ರೀಶಕ್ತಿ ಗುಂಪುಗಳು ಈ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಬಲ್ಲವು.

ಇಲ್ಲಿಯೂ ಎಚ್ಚರ ಬೇಕು. ಬಣ್ಣ ಗಾಢವಾಗಲೆಂದು ಕೆಲವರು ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಕ್ರೋಮಿಯಂ ಲವಣವನ್ನೂ ಬಳಸುವುದುಂಟು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ರೈತರಿಗೆ ಮೈಲುತುತ್ತ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕ್ರೋಮಿಯಂ ಲವಣ ಅದಕ್ಕಿಂತಲೂ ಕೆಟ್ಟದ್ದು. ಚೊಗರು ಎಷ್ಟೇ ಸಹಜವಾಗಿದ್ದರೂ ಇವು ಸೇರಿದರೆ ಆ ಟೇಪಿಗೆ ಸಹಜ ಬಣ್ಣದ್ದು ಎಂಬ ಚೀಟಿ ಅಂಟಿಸುವುದು ಮೋಸ. ವಸ್ತುಪ್ರದರ್ಶನಗಳಲ್ಲಿ ಕಾರ್ಖಾನೆಯ ಬಣ್ಣದ ಬಟ್ಟೆಯನ್ನೇ ಗಿಡಮೂಲದ ಬಣ್ಣದ್ದೆಂದು ಮಾರುವವರೂ ಇದ್ದಾರೆ. ಬಣ್ಣದ ಲೆಕ್ಕ ಎಲ್ಲರೂ ಒಪ್ಪಿಸಲಿ, ಸಹಜದವರು ಕೂಡ.

ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಇಷ್ಟು. ಜಾತ್ರೆಗಳಲ್ಲಿ ಮಳಿಗೆ ಹಂಚುವಾಗಲೇ, ಟೇಪು, ಕುಂಕುಮ, ಬಿಂದಿ ಮುಂತಾದವುಗಳ ಸಗಟು ಪೊಟ್ಟಣದ ಮೇಲೆ ತಯಾರಕರ ಹೆಸರು, ಊರು ಮತ್ತು ಬಳಸಿದ ಬಣ್ಣದ ವಿವರ ಇರಬೇಕೆಂಬ ಷರತ್ತನ್ನು ಸೇರಿಸಬಹುದು. ಪ್ರತಿ ಜಾತ್ರೆಯಲ್ಲಿ ಒಂದಿಷ್ಟು ಮಾದರಿಗಳನ್ನು ತೆಗೆದು, ನಿಷೇಧಿತ ಅಮೈನುಗಳ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಕಳುಹಿಸಿ, ಫಲಿತಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ತಪ್ಪು ಕಂಡುಬಂದರೆ ದಂಡ ಬೀಳಬೇಕಾದದ್ದು ತಯಾರಕರಿಗೆ ಮತ್ತು ಸಗಟು ವ್ಯಾಪಾರಿಗೆ. ತಟ್ಟಿ ಕಟ್ಟಿಕೊಂಡು ಕುಳಿತ ಬಡ ಬಳೆಗಾರರ ಮೇಲಾಗಲಿ, ಊರಿಂದೂರಿಗೆ ಸಾಮಾನು ಹೊತ್ತು ತಿರುಗುವ ಹೆಂಗಸರ ಮೇಲಾಗಲಿ ಅಲ್ಲ. ಹಾಗೆಯೇ ಶಿಕ್ಷಣ ಇಲಾಖೆಯು ಶಾಲೆಗಳಲ್ಲಿ ಇಂಥದ್ದೇ ಬಣ್ಣದ ನೈಲಾನ್ ಟೇಪು ಕಟ್ಟಬೇಕೆಂಬ ಒತ್ತಾಯವನ್ನು ಬಿಟ್ಟು, ಹತ್ತಿಯ ಟೇಪಿಗೆ, ಬಣ್ಣ ಹಾಕದ ಟೇಪಿಗೂ ಸೇರಿ, ಅವಕಾಶ ಕೊಡಲಿ; ಶಾಲೆಗಳ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಲ್ಲಿ ತಾಯಂದಿರು ಈ ಮಾತನ್ನು ಎತ್ತಲಿ. ಚೊಗರು ಸಿಗುವುದು ಕೊಯ್ಲಿನ ಕೆಲವೇ ತಿಂಗಳು. ಅದನ್ನು ಮನೆಗಳಿಂದ ಸಂಗ್ರಹಿಸಿ, ಗಟ್ಟಿಯಾಗಿಸಿ ಕಾದಿಡುವ ವ್ಯವಸ್ಥೆಗೆ ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಮನಸ್ಸು ಮಾಡುವುದಾದರೆ, ಆ ನಿರ್ಧಾರ ಈ ವರ್ಷದ ಅಡಿಕೆ ಗೊನೆ ಇಳಿಸುವ ಮೊದಲೇ ಆಗಬೇಕು. ಹಂಡೆಗೆ ಬೆಂಕಿ ಹಚ್ಚಿದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇತಿ,
ಓರ್ವ ನಿವೃತ್ತ ವಿಜ್ಞಾನ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ